ಒಂದು ಮಾತು ಹೇಳಲು ತೊಂಬತ್ತು ಕಿಲೋಮೀಟರು

ಮೂರು ದಿನದಲ್ಲಿ ಬರುತ್ತೇನೆಂದು ಹೇಳಿ ಹೊರಟವನು ನಾನು. ಒಂಬತ್ತನೆಯ ದಿನ ಬೆಳಗ್ಗೆ ಮನೆಯಿಂದ ಆರುನೂರು ಕಿಲೋಮೀಟರು ದೂರದಲ್ಲಿ, ಹಿಂದಿನ ಚಕ್ರದ ಗಾಳಿ ಹೋಗಿ, ಬೈಕನ್ನು ತಳ್ಳಿಕೊಂಡು ನಡೆಯುತ್ತಿದ್ದೆ.

ಎನ್ಸೆನಾದ ಎಂಬ ಬಂದರು ಊರಿನ ಮೀನಿನ ಡಬ್ಬಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಯಂತ್ರ ರಿಪೇರಿ ಮಾಡಿಕೊಂಡಿದ್ದೆ. ಆಗಸ್ಟಿನಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ಸೋರದ ನಲ್ಲಿ ಬಿಚ್ಚಿದೆ, ಕಿರುಗುಟ್ಟದ ಬಾಗಿಲು ಕಳಚಿದೆ, ಹೊಲಿಗೆ ಯಂತ್ರವನ್ನು ಬಿಡಿಬಿಡಿ ಮಾಡಿ ಊಟದ ಮೇಜಿನ ಮೇಲೆ ಹರಡಿದೆ. ನನ್ನ ಹೆಂಡತಿ ದೆಲ್ಫೀನಾ ಎರಡು ತಿಂಗಳು ತಡೆದುಕೊಂಡಳು. ನವೆಂಬರಿನ ಒಂದು ಬುಧವಾರ ಬೈಕಿನ ಕೀಲಿ ತಂದು ಎದುರಿಗಿಟ್ಟಳು.

"ಇಲಾರಿಯೊ, ಈ ಮನೇಲಿ ಇನ್ನೊಂದು ಸ್ಕ್ರೂ ಬಿಚ್ಚಿದ್ರೆ ನಾನು ನಿನ್ನನ್ನೇ ಬಿಚ್ಚಿಡ್ತೀನಿ. ಹೋಗು, ಮರುಭೂಮಿ ಸುತ್ತಿ ಬಾ. ಆ ತುರಿಕೆ ತೀರಿಸ್ಕೊಂಡು ಬಾ."

ಹೋದೆ. ಬೈಕು ಓಡುತ್ತಿರುವಷ್ಟು ಹೊತ್ತು ಎದೆಯೊಳಗಿನ ಗಿಜಿಗಿಜಿ ನಿಲ್ಲುತ್ತಿತ್ತು. ಇಂಜಿನ್ನು ಆರಿಸಿದರೆ ಮತ್ತೆ ಶುರು. ಅದಕ್ಕೇ ಎಲ್ಲೂ ಒಂದು ಕಾಫಿ ಪೂರ್ತಿ ಕುಡಿಯಲಿಲ್ಲ. ಶನಿವಾರ ಫೋನ್ ಮಾಡಿ ಸೋಮವಾರ ಬರುತ್ತೇನೆಂದೆ. ಸೋಮವಾರ ಮಾಡಿ ಗುರುವಾರವೆಂದೆ. ಇವತ್ತು ಆ ಗುರುವಾರ.

ಹೆದ್ದಾರಿ ಬಿಟ್ಟು ಗುಡ್ಡದ ಕಡೆಗಿನ ಮಣ್ಣುದಾರಿ ಹಿಡಿದದ್ದಕ್ಕೆ ಕಾರಣವೇನೂ ಇರಲಿಲ್ಲ. ಅಲ್ಲೇ ಕಳ್ಳಿಯ ಮುಳ್ಳು ಟೈರಿಗೆ ಹೊಕ್ಕಿತು. ಪಂಪು ಮುಂಚಿನ ದಿನವೇ ಎಲ್ಲೋ ಬಿದ್ದುಹೋಗಿತ್ತು. ಒಂದು ಗಂಟೆ ತಳ್ಳಿದ ಮೇಲೆ ಕಲ್ಲುಗೋಡೆ, ತಾಳೆಗರಿಯ ಮಾಡು, ಹತ್ತಿಪ್ಪತ್ತು ಆಡು ಕಂಡವು. ನೆರಳಿನಲ್ಲಿ ಒಬ್ಬ ಮುದುಕಿ ಹಲಗೆಯ ಮೇಲೆ ಕಲ್ಲು ಹೇರಿ ಆಡಿನ ಹಾಲಿನ ಗಿಣ್ಣು, ಅಂದರೆ ಚೀಸು, ಹಿಂಡುತ್ತಿದ್ದಳು. ಎದ್ದೇಳಲಿಲ್ಲ.

"ನೀರು ಬೇಕೋ, ಗಾಳಿ ಬೇಕೋ?" ಎಂದಳು.

"ಎರಡೂ ಬೇಕು ಅಮ್ಮ."

ಅವಳ ಹೆಸರು ಎಲೋಡಿಯಾ. ವಯಸ್ಸು ಎಪ್ಪತ್ತು ದಾಟಿದೆ, ಎಷ್ಟು ದಾಟಿದೆಯೋ ಲೆಕ್ಕ ಇಟ್ಟಿಲ್ಲ ಎಂದಳು. ನೀರು ಕೊಟ್ಟು, ಕೊಟ್ಟಿಗೆಯಲ್ಲಿದ್ದ ತುಕ್ಕು ಹಿಡಿದ ಪಂಪು ತೋರಿಸಿದಳು. ನಾನು ಟ್ಯೂಬು ತೆಗೆದು ತೇಪೆ ಹಚ್ಚುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಎಲ್ಲಿಗೆ ಹೊರಟಿದೀಯ?"

"ಗೊತ್ತಿಲ್ಲ."

"ಒಳ್ಳೇದಾಯ್ತು. ಹಾಗಾದ್ರೆ ನಿನಗೆ ದಾರಿ ತಪ್ಪೋ ಭಯ ಇಲ್ಲ. ನನ್ನನ್ನ ಸಮುದ್ರದ ಹತ್ರ ಬಿಡು."

ಸಮುದ್ರವೆಂದರೆ ಪುಂತಾ ಸೆನೀಸಾಸ್ ಎಂಬ ಬೆಸ್ತರ ಬೀಡು. ಹೆದ್ದಾರಿ ದಾಟಿ, ಮರಳಿನಲ್ಲಿ, ಒಟ್ಟು ತೊಂಬತ್ತು ಕಿಲೋಮೀಟರು. ಬೈಕಿನ ಮೇಲೆ ಆಗುವುದಿಲ್ಲ, ಬಿದ್ದರೆ ಮೂಳೆ ಮುರಿಯುತ್ತದೆ ಎಂದೆ.

"ಹೇಸರಗತ್ತೆ ಮೇಲಿಂದ ಹದಿನಾಲ್ಕು ಸಲ ಬಿದ್ದಿದೀನಿ. ನಿನ್ನ ಬೈಕು ಒದೆಯೋದಿಲ್ಲ, ಕಚ್ಚೋದಿಲ್ಲ. ಅದಕ್ಕಿಂತ ಸಾಧು ತಾನೇ?"

"ಅಲ್ಲಿ ಯಾರಿದಾರೆ?"

"ಗಂಡ. ನಾಲ್ಕು ತಿಂಗಳಾಯ್ತು, ಅವನ ಅಣ್ಣನ ಮಗನ ಮನೇಲಿ ಕೂತಿದಾನೆ."

"ಕರ್ಕೊಂಡು ಬರೋಕಾ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗಾಳಿ ಹಾಕು ನೀನು" ಎಂದಳು.

ಆಡುಗಳಿಗೆ ನೀರು ತುಂಬಿಸಿದಳು. ನಾಯಿಯನ್ನು ಕೂರಿಸಿಕೊಂಡು ಏನೋ ಹೇಳಿದಳು. ಒಳಗೆ ಹೋಗಿ ಲಂಗದ ಕೆಳಗೆ ಗಂಡಸರ ಪ್ಯಾಂಟು ತೊಟ್ಟು, ಹ್ಯಾಟಿನ ಮೇಲಿಂದ ಗದ್ದದಡಿ ವಸ್ತ್ರ ಬಿಗಿದು, ಬಟ್ಟೆಯಲ್ಲಿ ಸುತ್ತಿದ ಒಂದು ಗಿಣ್ಣಿನ ಗಟ್ಟಿ ಹಿಡಿದು ಬಂದಳು. ಎರಡು ಕಾಲೂ ಎರಡು ಕಡೆಗೆ ಹಾಕಿ ಕೂತು ನನ್ನ ಸೊಂಟ ಹಿಡಿದಳು. ಕಬ್ಬಿಣದ ಕೈ.

ಹೆದ್ದಾರಿ ದಾಟುವವರೆಗೆ ತೊಂದರೆಯಾಗಲಿಲ್ಲ. ಆಮೇಲೆ ಮರಳು. ಮುಂದಿನ ಚಕ್ರ ತಾನಾಗಿ ಆಚೆ ಈಚೆ ಹೊರಳುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲೇ ಒಂದು ಸಲ ಇಬ್ಬರೂ ಮೆಲ್ಲಗೆ ಪಕ್ಕಕ್ಕೆ ಉರುಳಿದೆವು. ನಾನು ಗಾಬರಿಯಿಂದ ಅವಳನ್ನು ಎತ್ತಲು ಹೋದರೆ ಅವಳು ಮೊದಲು ಗಿಣ್ಣು ನೋಡಿದಳು.

"ಹದಿನೈದನೇದು" ಎಂದಳು. "ಮಗನೇ, ಹೆದರಿಕೊಂಡು ಓಡಿಸ್ತೀಯ. ಅದಕ್ಕೆ ಗೊತ್ತಾಗುತ್ತೆ. ಅದಕ್ಕೇ ಬೀಳಿಸುತ್ತೆ."

"ಇದು ಪ್ರಾಣಿ ಅಲ್ಲ ಅಮ್ಮ."

"ನೀನು ಪ್ರಾಣಿ ತಾನೇ? ಹೆದರಿದ್ದು ನೀನು."

ಮುಂದೆ ಉಪ್ಪಿನ ಬಯಲು ಬಂತು. ಹಲಗೆಯಂತೆ ಗಟ್ಟಿ, ಕಣ್ಣಿಗೆಟಕುವವರೆಗೂ ಬಿಳಿ, ಒಂದು ಗಿಡವಿಲ್ಲ. ಒಂಬತ್ತು ದಿನದಿಂದ ನಾನು ಹುಡುಕುತ್ತಿದ್ದದ್ದು ಇದನ್ನೇ ಏನೋ. ಗಾಲಿ ಹಗುರಾಯಿತು. ವೇಗ ಎಂಬತ್ತಕ್ಕೆ, ತೊಂಬತ್ತಕ್ಕೆ ಏರಿತು. ಆಗ ಬೆನ್ನ ಮೇಲೆ ದಬದಬನೆ ಗುದ್ದು ಬಿತ್ತು. ಪಾಪ, ಹೆದರಿದಳು ಎಂದುಕೊಂಡು ನಿಧಾನ ಮಾಡಿದೆ. ಗುದ್ದು ಇನ್ನೂ ಜೋರಾಯಿತು.

"ಯಾಕೋ ನಿಲ್ಲಿಸ್ತಿದೀಯ? ನಿಲ್ಲಿಸು ಅಂದ್ನಾ ನಾನು? ಓಡಿಸೋ!"

ನಕ್ಕುಬಿಟ್ಟೆ. ಆಗಸ್ಟಿನಿಂದೀಚೆಗೆ ನಕ್ಕದ್ದು ಅದೇ ಮೊದಲು. ನೂರಹತ್ತರಲ್ಲಿ ಓಡಿಸಿದೆ, ಅವಳು ಕಿವಿಯ ಹತ್ತಿರ ಹೇಸರಗತ್ತೆಗೆ ಹೇಳುವ ಹಾಗೆ "ಹೋ, ಹೋ" ಎನ್ನುತ್ತಿದ್ದಳು.

ಪುಂತಾ ಸೆನೀಸಾಸ್ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಪ್ಲೈವುಡ್ಡಿನ ಇಪ್ಪತ್ತು ಗುಡಿಸಲು, ದಡಕ್ಕೆ ಎಳೆದ ದೋಣಿಗಳು, ಚಿಪ್ಪಿನ ರಾಶಿ, ಅದರ ವಾಸನೆ. ಸಮುದ್ರದಿಂದ ತಣ್ಣನೆಯ ಮಂಜು ಒಳಗೆ ಬರುತ್ತಿತ್ತು. ಬೋರಲು ಹಾಕಿದ ದೋಣಿಯೊಂದರ ಮೇಲೆ ಉದ್ದನೆಯ ಮುದುಕನೊಬ್ಬ ಕೂತು ಬಲೆ ಹೆಣೆಯುತ್ತಿದ್ದ. ಹೆಣೆಯಲು ಬಾರದವನ ಹಾಗೆ ಹೆಣೆಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತು, ಹ್ಯಾಟು ತೆಗೆದ.

"ಎಲೋಡಿಯಾ" ಎಂದ.

"ಲಿಬ್ರಾದೊ" ಎಂದಳು ಅವಳು. ಬೈಕಿನಿಂದ ಇಳಿಯಲು ನಾನು ಕೈ ಕೊಟ್ಟೆ. ಅವಳು ಹಿಡಿಯಲಿಲ್ಲ.

ನಾನು ದೂರ ಹೋಗುವವನಿದ್ದೆ. "ನೀನು ಇರು, ಒಬ್ಬ ಸಾಕ್ಷಿ ಬೇಕು" ಎಂದು ತಡೆದಳು.

"ದಾರೀಲಿ ಹೋಗೋ ಒಂದೊಂದು ಲಾರಿ ಕೈಲೂ ಹೇಳಿ ಕಳಿಸ್ತೀಯ" ಎಂದಳು ಅವನಿಗೆ. "ಬರ್ತಾನಂತೆ, ಮುಂದಿನ ವಾರ ಬರ್ತಾನಂತೆ, ಚಳಿ ಕಮ್ಮಿ ಆದ್ಮೇಲೆ ಬರ್ತಾನಂತೆ. ಹೇಳಿದೀಯಾ ಇಲ್ವಾ?"

"ಹೇಳಿದೀನಿ. ಬರೋ ಮನಸ್ಸಿದೆ ಎಲೋಡಿಯಾ. ಹೊರಡೋಣ ಅನ್ನೋವಾಗ ಏನೋ ಒಂದು..."

"ಅದು ನನಗೆ ಗೊತ್ತಿಲ್ವಾ? ನಲವತ್ತನಾಲ್ಕು ವರ್ಷದಿಂದ ಗೊತ್ತು. ಮಳೆ ತಡವಾದ್ರೆ ಹೋದೆ, ಬೇಗ ಬಂದ್ರೆ ಹೋದೆ. ತಾಮ್ರದ ಗಣಿಗೆ ಹೋದೆ, ಉಪ್ಪಿನ ಕೆಲಸಕ್ಕೆ ಹೋದೆ. ನಾನು ಬೇಡ ಅಂದೆನಾ ಯಾವತ್ತಾದ್ರೂ?"

"ಇಲ್ಲ."

"ಕಾಲು ನಿಲ್ಲದವನು ಹೋಗ್ಲಿ. ಆದ್ರೆ ನೀನು ಬರ್ತೀನಿ ಅಂತ ಹೇಳಿ ಕಳಿಸಿದ ಮೇಲೆ, ಕಣಿವೇಲಿ ಧೂಳೆದ್ದಾಗೆಲ್ಲ ನಾನು ಎದ್ದು ಕಾಫಿಗೆ ನೀರಿಡ್ತೀನಿ. ಧೂಳು ನೋಡಿದ್ರೆ ಸುಂಟರಗಾಳಿ. ಇಲ್ಲಾ ಯಾವನೋ ದಾರಿ ತಪ್ಪಿದವನು. ನಾಲ್ಕು ತಿಂಗಳು, ಲಿಬ್ರಾದೊ. ಅಷ್ಟು ಕಾಫಿ ನಾನೊಬ್ಬಳೇ ಕುಡಿದು ನಿದ್ದೆ ಕೆಟ್ಟಿದೆ."

ಅವಳ ದನಿ ಏರಲಿಲ್ಲ. ಅವನು ಹ್ಯಾಟಿನ ಅಂಚನ್ನು ಬೆರಳಲ್ಲಿ ಸುತ್ತುತ್ತ ನಿಂತ.

"ನಿನ್ನ ಕರೆಯೋಕೆ ಬಂದಿಲ್ಲ" ಎಂದಳು. "ಇನ್ಮೇಲೆ ಹೇಳಿ ಕಳಿಸಬೇಡ ಅನ್ನೋಕೆ ಬಂದೆ. ನಾನು ಕಾಯೋದು ಬಿಟ್ಟೆ. ಅಷ್ಟೇ. ತಗೋ, ಗಿಣ್ಣು. ಇಲ್ಲಿ ಬರೀ ಮೀನು ತಿಂದು ಬಾಯಿ ಕೆಟ್ಟಿರುತ್ತೆ."

ಅವನು ಎರಡೂ ಕೈಯಲ್ಲಿ ಗಿಣ್ಣು ತೆಗೆದುಕೊಂಡ. "ಕಂದು ಹೇಸರಗತ್ತೆ ಹೇಗಿದೆ?" ಎಂದು ಕೇಳಿದ.

"ಮುದಿಯಾಗಿದೆ. ಚೆನ್ನಾಗಿದೆ" ಎಂದಳು.

ನಾನು ಅಲ್ಲಿ ನಿಲ್ಲಲಾರದೆ ಬೀಡಿನ ಅಂಗಡಿಗೆ ಹೋದೆ. ಗಂಟೆ ಲೆಕ್ಕದಲ್ಲಿ ಇಂಟರ್ನೆಟ್ ಕೊಡುತ್ತಿದ್ದರು. ದೆಲ್ಫೀನಾಗೆ ಕರೆ ಮಾಡಿದೆ. ಎಲ್ಲಿದ್ದೀಯ ಎಂದು ಅವಳು ಕೇಳಲಿಲ್ಲ.

"ಶನಿವಾರ ನೀನೇನು ಮಾಡ್ತಿದ್ದೆ?" ಎಂದು ಕೇಳಿದೆ.

"ಯಾವ ಶನಿವಾರ?"

"ನಾನು ಬರ್ತೀನಿ ಅಂದಿದ್ದ ಶನಿವಾರ."

"ಬೀರಿಯಾ ಸಾರು ಮಾಡಿದ್ದೆ. ಬೆಳಗ್ಗೆ ಆರಕ್ಕೆ ಮಾಂಸ ಒಲೆ ಮೇಲಿಟ್ಟಿದ್ದೆ. ಸೋಮವಾರ ಅದನ್ನೇ ಬಿಸಿ ಮಾಡ್ದೆ. ಮಂಗಳವಾರ ಪಕ್ಕದ ಮನೆಯೋರಿಗೆ ಕೊಟ್ಟೆ. ಇವತ್ತು ಮೊಟ್ಟೆ ಹುರ್ಕೊಂಡು ತಿಂದೆ. ಯಾಕೆ ಕೇಳ್ತೀಯ?"

"ದೆಲ್ಫೀ, ನಾಳೆ ನಾನು..."

"ಹೇಳಬೇಡ" ಎಂದಳು. "ಬಂದ್ರೆ ಬಾ. ಹೇಳಬೇಡ." ಫೋನಿಟ್ಟಳು.

ಅಂಗಡಿಯವನು ಇನ್ನೂ ನಲವತ್ತು ನಿಮಿಷ ಬಾಕಿಯಿದೆ, ಬಳಸಿಕೊಳ್ಳಿ ಎಂದ. ಬೇಡವೆಂದೆ.

ಹೊತ್ತು ಮುಳುಗುವುದರೊಳಗೆ ವಾಪಸಾಗುವಂತಿರಲಿಲ್ಲ. ಎಲೋಡಿಯಾ ಲಿಬ್ರಾದೊನ ಅಣ್ಣನ ಮಗನ ಮನೆಯಲ್ಲೇ, ಅಲ್ಲಿನ ಸೊಸೆಯ ಜೊತೆ, ಉಳಿದಳು. ನಾನು ಬಲೆಗಳ ಕೊಟ್ಟಿಗೆಯಲ್ಲಿ ಮಲಗಿದೆ. ಬೆಳಕು ಹರಿಯುವ ಹೊತ್ತಿಗೆ ಬೈಕಿನ ಹತ್ತಿರ ಬಂದರೆ ಲಿಬ್ರಾದೊ ಆಗಲೇ ಅಲ್ಲಿದ್ದ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡುತ್ತಿದ್ದ.

"ಮರಳಿಗೆ ಗಾಳಿ ಜಾಸ್ತಿಯಾಯ್ತು. ಸ್ವಲ್ಪ ಬಿಡು, ಬೀಳೋದಿಲ್ಲ" ಎಂದ. ನಾನು ಗಾಳಿ ಬಿಡುವವರೆಗೂ ಕಾದು, ಸೀಟನ್ನು ನೋಡಿದ. ಇಬ್ಬರು ಕೂರುವ ಸೀಟು. ಕೈ ಅದರ ಮೇಲೆ ಒಮ್ಮೆ ಆಡಿಸಿ, ಧೂಳು ಒರೆಸಿದ.

"ನಿಮಗೂ ಕೂತಲ್ಲಿ ಕೂರೋಕಾಗಲ್ವಾ?" ಎಂದೆ.

"ಆಗಲ್ಲ. ಅಪ್ಪನಿಗೂ ಆಗ್ತಿರಲಿಲ್ಲ." ಅವನ ಕಣ್ಣು ಸಮುದ್ರದ ಕಡೆಗಿತ್ತು. "ಇಲ್ಲೂ ಆಗ್ತಿಲ್ಲ. ಅದು ಜಾಗದ್ದಲ್ಲ ತಮ್ಮಾ. ನಾನು ತಡವಾಗಿ ತಿಳ್ಕೊಂಡೆ."

ಎಲೋಡಿಯಾ ಬಂದು ಹತ್ತಿದಳು. ಹೊರಡುವ ಮುಂಚೆ ಕೈ ಚಾಚಿ ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಚಳಿಯಿತ್ತು.

ಉಪ್ಪಿನ ಬಯಲು ಬಂದಾಗ, ಅವಳು ಕೇಳದೆಯೇ ವೇಗ ಏರಿಸಿದೆ. ಈ ಸಲ "ಹೋ" ಎನ್ನಲಿಲ್ಲ. ನಟ್ಟನಡುವೆ ಬೆನ್ನಿಗೆ ಎರಡು ಬಡಿದು, "ನಿಲ್ಲಿಸು" ಎಂದಳು. ಇಳಿದು ನೂರು ಹೆಜ್ಜೆ ನಡೆದು, ಬೆನ್ನು ಮಾಡಿ ನಿಂತಳು. ನಾನು ಇಂಜಿನ್ನನ್ನು ಗುರುಗುಟ್ಟಿಸುತ್ತ ಕಾದೆ. ಅವಳು ತಿರುಗದೆಯೇ ಕೂಗಿದಳು:

"ಅದನ್ನ ಆರಿಸೋ! ಒಂದು ಗಳಿಗೆ ಸುಮ್ನೆ ನಿಂತ್ರೆ ಸಾಯ್ತೀಯಾ?"

ಆರಿಸಿದೆ. ಅಷ್ಟು ಸದ್ದಿಲ್ಲದ ಜಾಗದಲ್ಲಿ ನಾನು ಎಂದೂ ನಿಂತಿರಲಿಲ್ಲ. ಎದೆಯೊಳಗಿನದು ಕೂಡಲೇ ಎದ್ದಿತು. ಕೈ ಜೇಬಿಗೆ ಹೋಯಿತು, ಕ್ಲಚ್ಚಿನ ತಂತಿಗೆ ಹೋಯಿತು, ಕನ್ನಡಿಯ ಸ್ಕ್ರೂವಿಗೆ ಹೋಯಿತು. ಹಿಂದಕ್ಕೆ ಕಟ್ಟಿಕೊಂಡೆ. ಕಡಿಮೆಯಾಗುತ್ತದೆ ಎಂದು ಕಾದೆ, ಕಡಿಮೆಯಾಗಲಿಲ್ಲ. ಹಾಗೆ ಕುದಿಯುತ್ತಲೇ ನಿಂತಿದ್ದೆ. ಆದರೂ ನಿಂತಿದ್ದೆ. ಅವಳು ವಾಪಸು ಬಂದಾಗ ಮುಖ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ.

"ಸರಿ, ನಡಿ. ಆಡುಗಳು ಬೈತಿರ್ತಾವೆ" ಎಂದಳು.

ಅವಳನ್ನು ಮನೆಗೆ ಬಿಟ್ಟಾಗ ಒಣಗಿಸಿದ ಮಾಂಸದ ಪೊಟ್ಟಣ ಕಟ್ಟಿಕೊಟ್ಟಳು. ನಾನು ಉತ್ತರಕ್ಕೆ ತಿರುಗಿದೆ. ಶನಿವಾರ ಮಧ್ಯಾಹ್ನ ಎನ್ಸೆನಾದ ತಲುಪುವವರೆಗೆ ಯಾರಿಗೂ ಫೋನ್ ಮಾಡಲಿಲ್ಲ.

ದೆಲ್ಫೀನಾ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗೇಟಿನ ಸದ್ದಿಗೆ ತಲೆಯೆತ್ತಿದಳು, ನೋಡಿದಳು, ಒದ್ದೆ ಹೊದಿಕೆಯ ಒಂದು ತುದಿಯನ್ನು ನನ್ನ ಕಡೆಗೆ ಎಸೆದಳು. ಇಬ್ಬರೂ ಎದುರುಬದುರು ನಿಂತು ಹಿಂಡಿದೆವು. ನೀರು ಬಹಳ ಇತ್ತು. ಮುಂದೆ ಐದು ದಿನ ಅವಳು ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ, ಅದು ನ್ಯಾಯವೇ.

ಎಲೋಡಿಯಾಳ ಸುದ್ದಿ ಏಪ್ರಿಲಿನಲ್ಲಿ ಆ ಕಡೆಯಿಂದ ಬಂದ ಉಪ್ಪಿನ ಲಾರಿಯ ಚಾಲಕನೊಬ್ಬ ಹೇಳಿದ. ಫೆಬ್ರುವರಿಯಲ್ಲಿ ಲಿಬ್ರಾದೊ ಯಾರ ಕೈಲೂ ಹೇಳಿ ಕಳಿಸದೆ, ಮೂರು ದಿನ ನಡೆದು ಬಂದನಂತೆ. ಅವಳು ಬಾಗಿಲು ತೆರೆಯಲಿಲ್ಲವಂತೆ. ಅವನು ಅವಳ ಮನೆಯ ಮುಂದಿನ ಹಳ್ಳದ ಆಚೆ ದಡದಲ್ಲಿ ಗುಡಿಸಲು ಹಾಕಿಕೊಂಡು ಹೇಸರಗತ್ತೆ ನೋಡಿಕೊಂಡಿದ್ದಾನಂತೆ. ಹಗಲೆಲ್ಲ ದಡದಿಂದ ದಡಕ್ಕೆ ಇಬ್ಬರೂ ಕೂಗಿಕೊಂಡು ಜಗಳವಾಡುವುದು ಹೆದ್ದಾರಿಯವರೆಗೂ ಕೇಳುತ್ತದೆ ಎಂದು ಚಾಲಕ ನಕ್ಕ. ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿರಬಹುದು.

ನನಗೆ ಜನವರಿಯಲ್ಲಿ ನೀರಿನ ಟ್ಯಾಂಕರು ಓಡಿಸುವ ಕೆಲಸ ಸಿಕ್ಕಿತು. ಅದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಬೆಳಗ್ಗೆ ಐದಕ್ಕೇ ಎಚ್ಚರವಾಗುತ್ತದೆ. ಮೈ ಹಾಸಿಗೆಯಲ್ಲಿ ನಿಲ್ಲುವುದಿಲ್ಲ. ಎದ್ದು ಬಂದರಿನವರೆಗೆ ನಡೆದುಹೋಗಿ ಬರುತ್ತೇನೆ. ಎಷ್ಟು ಹೊತ್ತಿಗೆ ವಾಪಸು ಬರುತ್ತೇನೆಂದು ಹೇಳಿದರೆ ಅಷ್ಟು ಹೊತ್ತಿಗೆ ಬರುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ.

ಮೊನ್ನೆ ಹೀಗೆ ಚಪ್ಪಲಿ ಮೆಟ್ಟುತ್ತಿದ್ದಾಗ ದೆಲ್ಫೀನಾ ಒಳಗಿಂದ ಶಾಲು ಹೊದ್ದು ಬಂದಳು.

"ಎಲ್ಲಿಗೆ?" ಎಂದೆ.

"ನೀನು ದಿನಾ ಏನು ನೋಡ್ತೀಯೋ ಅದನ್ನ ನೋಡೋಕೆ."

"ಅಲ್ಲಿ ಏನೂ ಇಲ್ಲ. ಲಂಗರು ಹಾಕಿದ ಹಡಗು, ಗಲೀಜು ನೀರು, ಪೆಲಿಕನ್ ಹಕ್ಕಿ."

"ಇರ್ಲಿ, ನಡಿ" ಎಂದಳು. ಅವಳ ನಡಿಗೆ ನನ್ನದಕ್ಕಿಂತ ಬಿರುಸು. ಎರಡನೆಯ ತಿರುವಿನಲ್ಲಿ ಅವಳನ್ನು ಹಿಡಿಯಲು ನಾನೇ ಓಡಬೇಕಾಯಿತು.