ಅಜ್ಜಿಯ ನರೆಗೂದಲು

"ಏನೇ, ಕೈ ನಿಂತುಬಿಡ್ತು? ನಿದ್ದೆ ಬಂತಾ?" ಮೊಮ್ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಸಾರಿನೆಮ್ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

ವೆನಿಂಗ್ ಕೈ ಹಿಂದಕ್ಕೆಳೆದುಕೊಂಡಳು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ ಅಜ್ಜಿಯ ನರೆಗೂದಲು ಕೀಳುವುದು ಅವಳು ಚಿಕ್ಕವಳಿದ್ದಾಗಿನಿಂದ ಬಂದ ರೂಢಿ. ಬಾಂತುಲ್ ಊರಿನ ಆ ಓಣಿಯಲ್ಲಿ ಆ ಹೊತ್ತಿಗೆ ಪ್ರತಿ ಜಗಲಿಯಲ್ಲೂ ಯಾರದೋ ತಲೆ ಯಾರದೋ ತೊಡೆಯ ಮೇಲಿರುತ್ತಿತ್ತು.

ತನ್ನ ಕೂದಲನ್ನೂ ತಾನೇ ಕೀಳುವ ಚಟ ಯಾವಾಗ ಅಂಟಿತೋ ಅವಳಿಗೇ ತಿಳಿಯದು. ನೆತ್ತಿಯ ಮೇಲೆ ಅಂಗೈಯಗಲ ಬೋಳಾದಾಗ ಅಕ್ಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದಳು. ಅಲ್ಲಿಯ ಮನಶ್ಶಾಸ್ತ್ರಜ್ಞೆ ಪಲುಪಿ ಮೇಡಂ ಬೈಯಲಿಲ್ಲ, ಮದ್ದೂ ಕೊಡಲಿಲ್ಲ. ಕೈ ತಲೆಯತ್ತ ಹೊರಟದ್ದನ್ನು ಗಮನಿಸು, ಮುಷ್ಟಿ ಬಿಗಿಹಿಡಿ, ಆಸೆ ಇಳಿಯುವ ತನಕ ಬಿಡಬೇಡ ಎಂದು ಕಲಿಸಿದ್ದರು. ವೆನಿಂಗ್ ಬೆಳಗೆಲ್ಲ ಗೆಲ್ಲುತ್ತಿದ್ದಳು, ಸಂಜೆ ಸೋಲುತ್ತಿದ್ದಳು.

"ಸಂಜೆಗೆ ಮುಂಚೆ ಏನು ಮಾಡ್ತಿರ್ತೀಯ?" ಎಂದು ಮೇಡಂ ನಿನ್ನೆ ಕೇಳಿದಾಗಲೇ ಜಗಲಿಯ ಮಾತು ಹೊರಬಿದ್ದದ್ದು. ಅದುವರೆಗೆ ಅದನ್ನು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳ ಮಟ್ಟಿಗೆ ಅದು ಅಜ್ಜಿಯ ಜೊತೆ ಕೂರುವ ಹೊತ್ತು, ಅಷ್ಟೆ. "ಸದ್ಯಕ್ಕೆ ಅದನ್ನೂ ಬಿಡಬೇಕಾಗುತ್ತಮ್ಮ," ಎಂದಿದ್ದರು ಮೇಡಂ.

ಬಿಟ್ಟರೆ ಈ ತಲೆ ಮತ್ತೆ ತನ್ನ ತೊಡೆಗೆ ಬಂದೀತೇ?

"ಅಜ್ಜೀ, ಇನ್ಮೇಲೆ ನಿನ್ನ ಕೂದಲು ಕೀಳೋಕಾಗಲ್ಲ. ನಿಂದು ಕಿತ್ತ ಮೇಲೇನೇ ನನ್ನ ಕೈ ನನ್ನ ತಲೆಗೆ ಹೋಗೋದು."

ಅಜ್ಜಿ ಎದ್ದು ಕೂತಳು. "ಮುಂದಿನ ವಾರ ನಿಮ್ಮಕ್ಕನ ಮದುವೆ. ಬೀಗರ ಮುಂದೆ ಈ ಬಿಳಿ ತಲೆ ಹೊತ್ಕೊಂಡು ನಿಲ್ಲಲಾ?"

"ಬಣ್ಣ ಹಚ್ಚಿಕೊಡ್ತೀನಿ."

"ಬಣ್ಣ ಬಳಿಯೋಕೆ ನಾನೇನು ಗೋಡೆನಾ?"

ಹಾಗೆಂದವಳು ಮೊಮ್ಮಗಳ ತಲೆಯನ್ನು ಬಗ್ಗಿಸಿ ನೆತ್ತಿ ನೋಡಿದಳು. ಮೊಳೆಯುತ್ತಿದ್ದ ಮೋಟು ಕೂದಲ ಮೇಲೆ ಅವಳ ಬೆರಳು ಮೆಲ್ಲಗೆ ಆಡಿತು. "ಅಯ್ಯೋ, ದಿನಾ ತಲೆ ಕೊಟ್ಟು ನಾನೇ ಅಭ್ಯಾಸ ಮಾಡಿಸ್ತಿದ್ದೆನಲ್ಲೇ."

"ನಿನ್ನಿಂದಲ್ಲ ಅಜ್ಜೀ."

ಅಜ್ಜಿ ಒಳಗೆ ಹೋದಳು.

ಮರುದಿನ ವೆನಿಂಗ್ ಚಾಪೆ ಹಾಸಲಿಲ್ಲ. ಊಟ ಮುಗಿಸಿ ಜಗಲಿಯ ಕಂಬಕ್ಕೊರಗಿ ಸುಮ್ಮನೆ ಕೂತಿದ್ದಳು. ಅಜ್ಜಿಯೇ ಚಾಪೆ ತಂದು ಒದರಿ ಹಾಸಿದಳು.

"ಕಾಲು ಚಾಚು."

"ಕೀಳಲ್ಲ ಅಂದ್ನಲ್ಲ."

"ಕೀಳು ಅಂದೋರ್ಯಾರು? ತಲೆ ಇಡೋಕೂ ನಿಮ್ಮ ಮೇಡಂ ಅಪ್ಪಣೆ ಬೇಕಾ?"

ತೊಡೆಯ ಮೇಲೆ ಮಲಗಿದ ಅಜ್ಜಿಯ ಕಿವಿಯ ಮೇಲೆ ಒಂದು ಬಿಳಿ ಕೂದಲು ಉಳಿದವುಗಳಿಂದ ಬೇರೆಯಾಗಿ, ಸುರುಳಿಯಾಗಿ ನಿಂತಿತ್ತು. ವೆನಿಂಗಳ ಕೈ ಎದ್ದಿತು. ಅರ್ಧ ದಾರಿಯಲ್ಲಿ ಅದು ಅವಳ ಗಮನಕ್ಕೆ ಬಂತು. ಮುಷ್ಟಿ ಕಟ್ಟಿದಳು. ಅಜ್ಜಿ ಕಣ್ಣು ತೆರೆಯದೆಯೇ ಆ ಮುಷ್ಟಿಯನ್ನು ತಡವಿ ಹುಡುಕಿ, ತನ್ನ ಅಂಗೈಯೊಳಗೆ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಕಿವಿಯ ಮೇಲಿನ ಆ ಕೂದಲು ಗಾಳಿಗೆ ಅಲ್ಲಾಡುತ್ತಲೇ ಇತ್ತು.