ಕಾಗದದಲ್ಲಿಲ್ಲದ ನಗು

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕಂಠಮ್ಮ ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಚೆಂದದ್ದೇ ಇತ್ತು, ಆದರೆ ಅದನ್ನು ಕೇಳಿದವರು ಯಾರು? ಹದಿನೆಂಟು ವರ್ಷದಿಂದ ಅವಳು ಒಬ್ಬ ದೊಡ್ಡ ನಾಯಕಿಗೆ ದನಿ ಕೊಡುತ್ತಿದ್ದಳು. ಆ ನಾಯಕಿಯ ಮುಖ ಕಂಡರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಬಾಯಿ ಬಿಟ್ಟರೆ ಮಾತ್ರ ತಗಡಿನ ಮೇಲೆ ಕಲ್ಲು ಎಳೆದ ಹಾಗೆ. ಅದಕ್ಕೇ ತೆರೆಯ ಮೇಲೆ ಆಕೆ ಪ್ರೀತಿಸಿದ್ದು, ಅತ್ತದ್ದು, ಸತ್ತದ್ದು ಎಲ್ಲ ಕಂಠಮ್ಮನ ಗಂಟಲಿನಲ್ಲೇ. ಈ ಗುಟ್ಟು ಹೊರಗೆ ಹೋಗಬಾರದೆಂದು ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು. ಕಂಠಮ್ಮ ಎಷ್ಟು ನಿಯತ್ತಿನವಳೆಂದರೆ, ಅವಳ ತಾಯಿ ಸಾಯುವವರೆಗೂ ಮಗಳು ಸ್ಟುಡಿಯೋದಲ್ಲಿ ನೆಲ ಒರೆಸುತ್ತಾಳೆ ಅಂತಲೇ ತಿಳಿದಿದ್ದಳು. ನಿಜ ಗೊತ್ತಿದ್ದದ್ದು ತಂಗಿಯೊಬ್ಬಳಿಗೆ. ಒಂದೇ ಕೋಣೆಯಲ್ಲಿ ಮಲಗುವವಳಿಂದ ಏನು ತಾನೇ ಮುಚ್ಚಿಡಲಾದೀತು?

ಕಂಠಮ್ಮನಿಗೆ ಇದ್ದದ್ದು ಒಂದೇ ಆಸೆ. ಪಿಕ್ಚರ್ ಮುಗಿದು ಜನ ಬಾಗಿಲ ಕಡೆ ನುಗ್ಗುವಾಗ ತೆರೆಯ ಮೇಲೆ ಹೆಸರುಗಳು ಹತ್ತಿಕೊಂಡು ಹೋಗುತ್ತವಲ್ಲ, ಲೈಟ್ ಹಿಡಿದವನದು, ಊಟ ತಂದವನದು, ನಾಯಿ ಕೊಟ್ಟವನದು, ಅದರಲ್ಲಿ ಒಂದು ಸಾಲು ತನ್ನದಿರಬೇಕು. ಯಾರ ದನಿ ಅಂತ ಬರೆಯುವುದೂ ಬೇಡ, ಒಂದು ಮೂಲೆಯಲ್ಲಿ ಹೆಸರಿದ್ದರೆ ಸಾಕು. ನಾಯಕಿಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು ಆಕೆಯ ಅಣ್ಣ. ಅವನನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು. ಪ್ರತಿ ಪಿಕ್ಚರಿಗೂ ಕಂಠಮ್ಮ ಅವನನ್ನು ಕೇಳುವಳು. ಅವನು ಪ್ರತಿ ಸಲವೂ "ಮುಂದಿನದಕ್ಕೆ ನೋಡೋಣಮ್ಮ" ಅನ್ನುವನು. ನಲವತ್ತೊಂದು ಸಲ ಮೂಗಿಗೆ ತುಪ್ಪ ಸವರಿದ್ದ, ಇವಳು ವಾಸನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಮನೆಗೆ ಬಂದಿದ್ದಳು.

ಅವಳ ಕೆಲಸದ ರೀತಿ ಎಲ್ಲರಿಗೂ ಗೊತ್ತಿತ್ತು. ಕಾಗದ ಕೈಗೆ ಬಂದರೆ ಮೂರೇ ಪ್ರಶ್ನೆ: ಎಷ್ಟು ಸೆಕೆಂಡು, ಯಾವ ಭಾವ, ಕೊನೆಯಲ್ಲಿ ಬಾಯಿ ಮುಚ್ಚಿದೆಯೋ ತೆರೆದಿದೆಯೋ. ಮಾತಿನ ಅರ್ಥ ಏನು ಅಂತ ನೋಡುತ್ತಿರಲಿಲ್ಲ. ಅರ್ಥ ನೋಡಿಕೊಂಡರೆ ದನಿ ಒಂದು ಗಳಿಗೆ ಹಿಂಜರಿಯುತ್ತದೆ, ತುಟಿಗೆ ಕೂರುವುದಿಲ್ಲ ಎಂಬುದು ಅವಳ ಸಿದ್ಧಾಂತ. "ಅರ್ಥ ಬರೆದೋರದ್ದು, ಮುಖ ಮೇಡಂದು, ನಂದು ಬರೀ ಗಾಳಿ ಕಣಪ್ಪ," ಎಂದು ಸೌಂಡಿನವನಿಗೆ ಹೇಳುತ್ತಿದ್ದಳು. ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಅದೇ ಬಂದ ತೊಂದರೆ.

ಆ ವಾರ ಬಂದದ್ದು ಪಿಕ್ಚರ್ ಅಲ್ಲ, ನಾಯಕಿ ಜಾಲತಾಣದ ತನ್ನ ಪುಟದಲ್ಲಿ ಹಾಕಲಿದ್ದ ಅರ್ಧ ನಿಮಿಷದ ವಿಡಿಯೋ. ಊರಿನ ದೊಡ್ಡ ಬಟ್ಟೆ ಅಂಗಡಿಯ ಕೆಲಸದ ಹೆಂಗಸರು ಒಂದು ತಿಂಗಳಿಂದ ಗಲಾಟೆ ಮಾಡುತ್ತಿದ್ದರು. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗ ಕೂರಲು ಒಂದು ಸ್ಟೂಲ್ ಕೊಡಿ ಅನ್ನುವುದಷ್ಟೇ ಅವರ ಬೇಡಿಕೆ. ಮಾಲೀಕ ಜಾಗ ಇಲ್ಲ ಅಂದಿದ್ದ. ಆ ಅಂಗಡಿಯ ಜಾಹೀರಾತಿಗೆಲ್ಲ ಮುಖ ಕೊಡುತ್ತಿದ್ದವಳು ಈ ನಾಯಕಿಯೇ. ಕಂಠಮ್ಮನ ತಂಗಿ ಅದೇ ಅಂಗಡಿಯ ಮೂರನೇ ಮಹಡಿಯಲ್ಲಿ ಮಕ್ಕಳ ಬಟ್ಟೆ ಮಡಚುತ್ತಿದ್ದಳು.

ವಿಡಿಯೋದಲ್ಲಿ ನಾಯಕಿ ಕನ್ನಡಿಯ ಮುಂದೆ ನಿಂತು ಹೇಳುವ ಮಾತು ಹೀಗಿತ್ತು: "ನಿಂತು ನಿಂತು ಕಾಲು ನೋಯುತ್ತೆ ಅಂತೀರಲ್ಲಾ, ನಿಂತರೆ ಸೊಂಟ ಸಣ್ಣ ಆಗುತ್ತೆ ಕಣ್ರೇ. ನಾನು ಜಿಮ್‌ಗೆ ದುಡ್ಡು ಕೊಟ್ಟು ನಿಲ್ತೀನಿ. ನಿಮಗೆ ಸಂಬಳ ಕೊಟ್ಟು ನಿಲ್ಲಿಸ್ತಾರೆ. ಪುಣ್ಯವಂತರು."

ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದೇ ತೊಡಕು. ಕೊನೆಯಲ್ಲಿ ನಾಯಕಿ ತಲೆ ಓರೆ ಮಾಡಿ ತುಟಿ ಕೊಂಚ ತೆರೆದಿದ್ದಳು, ಅಲ್ಲಿ ಎರಡು ಸೆಕೆಂಡು ಖಾಲಿ. ಖಾಲಿ ಬಾಯಿ ಕಂಡರೆ ಕಂಠಮ್ಮನಿಗೆ ಸಹಿಸಲಾಗುವುದಿಲ್ಲ. ಅಲ್ಲಿಗೆ ಒಂದು ಪುಟ್ಟ ನಗು ಇಟ್ಟಳು, ಮೂಗಿನಲ್ಲಿ ಶುರುವಾಗಿ ಗಂಟಲಿಗೆ ಇಳಿಯುವ ನಗು. ಕಾಗದದಲ್ಲಿ ಅದಿರಲಿಲ್ಲ. ಸೌಂಡಿನವನು ಕೂತಲ್ಲೇ ತಲೆದೂಗಿದ.

"ಅಕ್ಕಾ, ಈಗ ಜೀವ ಬಂತು," ಅಂದ.

ವಿಡಿಯೋ ಬೆಳಗ್ಗೆ ಹೊರಬಂತು, ಮಧ್ಯಾಹ್ನಕ್ಕೆ ಊರು ಹೊತ್ತಿಕೊಂಡಿತು. ಅಂಗಡಿಯ ಮುಂದಿದ್ದ ನಾಯಕಿಯ ಆಳೆತ್ತರದ ಚಿತ್ರಕ್ಕೆ ಚಪ್ಪಲಿ ಬಿತ್ತು. ಲಕ್ಷಾಂತರ ಜನ ಆಕೆಯ ಪುಟಕ್ಕೆ ಹೋಗಿ ಉಗಿದು ಬಂದರು. ನಿಂತು ದುಡಿಯುವವರು ಉಗಿದರು, ಕೂತು ದುಡಿಯುವವರು ಇನ್ನೂ ಜೋರಾಗಿ ಉಗಿದರು. ಮಾತು ಹಾಗಿರಲಿ, ಜನರ ಹೊಟ್ಟೆ ಉರಿಸಿದ್ದು ಆ ನಗು. ಯಾರೋ ಅದನ್ನಷ್ಟೇ ಕತ್ತರಿಸಿ, ಮೇಲಿಂದ ಮೇಲೆ ಬರುವ ಹಾಗೆ ಮಾಡಿ ಬಿಟ್ಟರು. ಅದರ ಕೆಳಗೆ ಯಾರೋ ಬಾತುಕೊಂಡ ಕಾಲಿನ ಚಿತ್ರ ಹಾಕಿದರು, ಇನ್ಯಾರೋ ಸತ್ತವರ ಚಿತ್ರ.

ಕಂಠಮ್ಮ ಸಂಜೆ ಬಸ್ಸಿನಲ್ಲಿ ಬರುವಾಗ ನಾಲ್ಕು ಫೋನುಗಳಿಂದ ಅವಳ ನಗು ಕೇಳಿಬಂತು. ಅವಳಿಗೆ ಮೊದಲು ಏನನ್ನಿಸಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಸಂತೋಷವಾಯಿತು. ನಲವತ್ತೊಂದು ಪಿಕ್ಚರಿನಲ್ಲಿ ಎದೆ ಹರಿದುಕೊಂಡು ಅತ್ತಿದ್ದಳು, ಯಾವುದೂ ಇಷ್ಟು ದೂರ ಹೋಗಿರಲಿಲ್ಲ. ಎರಡು ಸ್ಟಾಪ್ ದಾಟಿದ ಮೇಲೆ ಭಯ ಬಂತು.

ಮನೆಯಲ್ಲಿ ತಂಗಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮೊಣಕಾಲ ಕೆಳಗೆ ನರಗಳು ನೀಲಿಯಾಗಿ ಗಂಟುಕಟ್ಟಿದ್ದವು. ಅವಳು ತಲೆ ಎತ್ತಲಿಲ್ಲ.

"ಮಾತು ಅವರು ಬರೆದಿದ್ದು ಅಂತ ಗೊತ್ತು," ಅಂದಳು. "ನಗು ಯಾರದು?"

"ಅಲ್ಲಿ ಎರಡು ಸೆಕೆಂಡು ಖಾಲಿ ಇತ್ತು ಕಣೇ."

"ಚಿಕ್ಕವಳಿದ್ದಾಗ ನಾನು ಬಿದ್ದಾಗೆಲ್ಲ ನೀನು ನಗ್ತಿದ್ಯಲ್ಲ, ಅದೇ ನಗು. ಇವತ್ತು ಅಂಗಡೀಲಿ ಎಲ್ಲರೂ ಅದನ್ನ ಹಾಕ್ಕೊಂಡು ಶಾಪ ಹಾಕ್ತಾ ಇದ್ರು. ನಾನೂ ಅವರ ಜೊತೆ ಸೇರಿ ಹಾಕಿದೆ."

"ನಾನು ಬರೀ ಬಾಯಿ. ನನಗೇನು ಗೊತ್ತಾಗುತ್ತೆ?"

"ಹೌದು, ಬರೀ ಬಾಯಿ," ಅಂದಳು ತಂಗಿ. "ನಾಳೆ ಅವರು ಕರೀತಾರೆ. ಹೋಗಬೇಡ. ಹೋದ್ರೆ ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ ಆಗುತ್ತೆ, ನೋಡ್ತಿರು."

ಮರುದಿನ ಬೆಳಗ್ಗೆಯೇ ಅಣ್ಣನ ಕಾರು ಬಂತು. ಕಂಠಮ್ಮ ಹೋದಳು.

ಸ್ಟುಡಿಯೋದಲ್ಲಿ ಅಣ್ಣ ಗಡ್ಡ ಕೂಡ ತೆಗೆಯದೆ ಕೂತಿದ್ದ. ಎರಡು ಪಿಕ್ಚರಿನವರು ನಾಯಕಿಯನ್ನು ಕೈಬಿಡುವ ಮಾತಾಡಿದ್ದರು, ಆಕೆ ಕೋಣೆಯ ಬಾಗಿಲು ಹಾಕಿಕೊಂಡಿದ್ದಳಂತೆ. ಅವನು ಒಂದು ಹಾಳೆ ಮುಂದೆ ತಳ್ಳಿದ.

"ಕ್ಷಮೆ ಕೇಳಬೇಕು ಕಂಠಮ್ಮ. ಕೇಳಿದೋರ ಕರುಳು ಚುರುಕ್ ಅನ್ನಬೇಕು. ನಿನ್ನ ಬಿಟ್ರೆ ಯಾರ ಕೈಲೂ ಆಗಲ್ಲ."

ಗಾಳಿ ಬಂದಾಗ ತೂರಿಕೋ ಅಂತಾರೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಗಾಳಿ ತನ್ನ ಕಡೆ ಬೀಸಿದೆ ಎಂದು ಕಂಠಮ್ಮನಿಗೆ ಅನ್ನಿಸಿತು. ಹಾಳೆ ಮುಟ್ಟದೆ ಕೈಕಟ್ಟಿ ಕೂತಳು.

"ನನ್ನ ಹೆಸರು ಹಾಕ್ತೀನಿ ಅಂದ್ರೆ ಹೇಳ್ತೀನಿ ಅಣ್ಣ."

ಅಣ್ಣ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಆಮೇಲೆ ಅವನ ಮುಖ ಎಷ್ಟು ಮೃದುವಾಯಿತೆಂದರೆ, ಇಷ್ಟು ವರ್ಷ ಇವನನ್ನು ಕೆಟ್ಟವನೆಂದುಕೊಂಡೆನಲ್ಲ ಎಂದು ಕಂಠಮ್ಮನಿಗೆ ನಾಚಿಕೆಯಾಯಿತು.

"ಹಾಕ್ತೀನಮ್ಮ. ದೊಡ್ಡ ಅಕ್ಷರದಲ್ಲೇ ಹಾಕ್ತೀನಿ. ಒಂದು ಫೋಟೋ ಇದ್ರೆ ಅದನ್ನೂ ಕೊಡು."

ಫೋಟೋ ಇತ್ತು. ಎಂದಾದರೂ ಬೇಕಾದೀತು ಎಂದು ಅವಳು ಮೂರು ವರ್ಷಕ್ಕೊಮ್ಮೆ ಹೊಸದು ತೆಗೆಸಿ ಕೈಚೀಲದ ಒಳಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ತೆಗೆದುಕೊಟ್ಟಳು. ಪದ್ಧತಿಯಂತೆ ಫೋನ್ ಆಫ್ ಮಾಡಿ ಮೈಕಿನ ಮುಂದೆ ನಿಂತಳು.

"ಎಷ್ಟು ಸೆಕೆಂಡು?"

"ನಲವತ್ತು."

"ಭಾವ?"

"ಪಶ್ಚಾತ್ತಾಪ. ಮೇಡಂ ಶೈಲಿ ಬೇಡ, ನಿನ್ನ ಮಾಮೂಲಿ ದನೀಲಿ ಹೇಳು. ಅತ್ತು ಅತ್ತು ಅವಳ ಗಂಟಲು ಕೆಟ್ಟಿದೆ ಅಂದ್ಕೋತಾರೆ."

"ಕೊನೆಗೆ ಬಾಯಿ?"

"ಬಾಯಿ ಇಲ್ಲ. ಈ ಸಲ ಮುಖ ತೋರಿಸಲ್ಲ."

"ಹಾಗಾದ್ರೆ ಸಲೀಸು," ಅಂದಳು.

ಗಾಜಿನ ಆಚೆ ಸೌಂಡಿನವನು ಅವಳನ್ನು ನೋಡದೆ ಗುಂಡಿಗಳನ್ನೇ ನೋಡುತ್ತಿದ್ದ. "ಅಕ್ಕಾ, ಒಂದ್ಸಲ ಹಾಳೆ ಪೂರ್ತಿ ಓದ್ಕೊಳಿ," ಅಂದ.

"ಓದ್ಕೊಂಡ್ರೆ ಕಳೆ ಹೋಗುತ್ತೆ ಕಣಪ್ಪ. ಹದಿನೆಂಟು ವರ್ಷದಿಂದ ನೋಡಿಲ್ವಾ?"

ಅವನು ನೋಡಿದ್ದ. ಅವನಿಗೂ ಮನೆಯಿತ್ತು, ಮಕ್ಕಳಿದ್ದರು, ರೆಕಾರ್ಡಿಂಗ್ ಗುಂಡಿ ಒತ್ತಿದ. ಹಾಳೆಯಲ್ಲಿ ಇದ್ದದ್ದು ಇಷ್ಟು: "ಆ ದನಿ ನನ್ನದು. ಆ ನಗು ನನ್ನದು. ಯಾರೂ ನಗು ಅಂತ ಹೇಳಿಕೊಡಲಿಲ್ಲ. ನನ್ನ ಅಹಂಕಾರ ನನ್ನ ಕೈಲಿ ಹಾಗೆ ಮಾಡಿಸಿತು. ನಿಂತು ದುಡಿಯೋ ನನ್ನ ಅಕ್ಕತಂಗಿಯರೇ, ನಿಮ್ಮ ಕಾಲು ಹಿಡಿದು ಕೇಳ್ತೀನಿ, ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ, ಬೇರೆ ಯಾರಿಗೂ ಬೇಡ."

ಅಳು ಬರಿಸಿಕೊಳ್ಳಲು ಕಂಠಮ್ಮ ಬಕೆಟ್ಟಿನಲ್ಲಿದ್ದ ತಂಗಿಯ ಕಾಲುಗಳನ್ನು ನೆನೆದಳು. ನೀಲಿ ನರಗಳು ಕಣ್ಣ ಮುಂದೆ ಬಂದ ಕೂಡಲೇ ದನಿ ತಾನಾಗಿ ನಡುಗಿತು. ಅಳಬೇಕಾದಾಗಲೆಲ್ಲ ಅವಳು ಮನೆಯವರ ಕಷ್ಟವನ್ನೇ ಹೀಗೆ ಬಳಸುತ್ತಿದ್ದಳು. ಅಮ್ಮನ ಸಾವನ್ನು ಏಳು ಪಿಕ್ಚರಿಗೆ ಬಳಸಿದ್ದಳು. ಒಂದೇ ಸಲಕ್ಕೆ ಆಯಿತು. ಅಣ್ಣ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಹದಿನೆಂಟು ವರ್ಷದಲ್ಲಿ ಅದೂ ಮೊದಲ ಸಲ.

ಆ ಖುಷಿಯಲ್ಲಿ ಫೋನ್ ಆನ್ ಮಾಡುವುದನ್ನೇ ಮರೆತಳು. ಹೋಟೆಲಿನಲ್ಲಿ ಒಬ್ಬಳೇ ಕೂತು ನಿಧಾನವಾಗಿ ಊಟ ಮಾಡಿ, ತಂಗಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ನಾಲ್ಕು ಬಗೆಯಲ್ಲಿ ಹೇಳಿ ನೋಡಿ, ನಾಲ್ಕು ಗಂಟೆಗೆ ಬಟ್ಟೆ ಅಂಗಡಿಗೆ ಹೋದಳು.

ಅಂಗಡಿಯ ಮುಂದೆ ಲಾರಿ ನಿಂತಿತ್ತು. ಪ್ಲಾಸ್ಟಿಕ್ ಸ್ಟೂಲುಗಳನ್ನು ಇಳಿಸುತ್ತಿದ್ದರು, ಒಂದೊಂದರ ಮೇಲೂ ನಾಯಕಿಯ ಮುಖದ ಚೀಟಿ. ತಿಂಗಳಿಂದ ಜಾಗ ಇಲ್ಲ ಅನ್ನುತ್ತಿದ್ದ ಮಾಲೀಕನಿಗೆ ಕ್ಯಾಮೆರಾದವರು ಬಂದ ಮೇಲೆ ಪ್ರತಿ ಮೂಲೆಯಲ್ಲೂ ಜಾಗ ಕಂಡಿತ್ತು. ಕಂಠಮ್ಮ ಲಿಫ್ಟಿನ ಹುಡುಗಿಗೆ "ಮೂರನೇ ಮಹಡಿ ತಾಯಿ" ಅಂದಳು. ಹುಡುಗಿ ತಿರುಗಿ ಅವಳ ಬಾಯಿಯನ್ನೇ ನೋಡಿದಳು. ಮುಖವನ್ನು ಆಮೇಲೆ ನೋಡಿದಳು. ಲಿಫ್ಟ್ ಮೇಲೆ ಹೋಗುವಷ್ಟರಲ್ಲಿ ಫೋನ್ ತೆಗೆದು ಯಾರಿಗೋ ಏನೋ ಬರೆದಳು.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕಾಯುತ್ತಿದ್ದರು. ಅವರಲ್ಲಿ ಒಬ್ಬಳು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವಳು, ಕಂಠಮ್ಮನನ್ನು ಹೆಸರು ಹಿಡಿದು ಕರೆದಳು. ಅಪ್ಪ ಅಮ್ಮ ಇಟ್ಟ ಹೆಸರು, ಪೂರ್ತಿಯಾಗಿ, ತಪ್ಪಿಲ್ಲದೆ. ಕಂಠಮ್ಮನಿಗೆ ಮೈ ಜುಮ್ಮೆಂದಿತು.

"ನಿಮಗೆ ಹೇಗೆ ಗೊತ್ತು?" ಅಂದಳು, ನಗುತ್ತಲೇ.

ಪಟ್ಟಿ ಕಟ್ಟಿದವಳು ಫೋನ್ ಚಾಚಿದಳು. ಅದರಲ್ಲಿ ಕಂಠಮ್ಮನ ಫೋಟೋ ಇತ್ತು, ಚೆನ್ನಾಗಿಯೇ ಬಂದಿತ್ತು. ಕೆಳಗೆ ಹೆಸರು, ಅಣ್ಣ ಹೇಳಿದ ಹಾಗೆ ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ನಾಯಕಿ ಬರೆದಿದ್ದಳು: "ಹದಿನೆಂಟು ವರ್ಷ ನನಗೆ ದನಿಯಾಗಿದ್ದವರು ಇವರು. ನಿಮ್ಮ ಜೊತೆ ನಾನಿದ್ದೇನೆ ಎಂದು ನಾನು ಕ್ಯಾಮೆರಾದ ಮುಂದೆ ಹೇಳಿದ್ದೆ. ಅದರ ಮೇಲೆ ಇವರು ಏನು ಹೇಳಿ ನಕ್ಕರೆಂದು ನನಗೆ ತಿಳಿದದ್ದು ನಿಮ್ಮ ಹಾಗೆ ವಿಡಿಯೋ ಹೊರಬಂದ ಮೇಲೇ. ನಂಬಿದ್ದು ನನ್ನ ತಪ್ಪು. ತಾವೇ ಒಪ್ಪಿಕೊಂಡಿದ್ದಾರೆ, ಕೇಳಿ. ಇವರನ್ನು ಕ್ಷಮಿಸಿದ್ದೇನೆ." ನಾಯಕಿಯ ತುಟಿಗಳನ್ನು ಸರಿಯಾಗಿ ನೋಡಿದ್ದರೆ ಸುಳ್ಳು ಗೊತ್ತಾಗುತ್ತಿತ್ತು. ಆದರೆ ಯಾರಿಗೂ ತುಟಿ ನೋಡುವ ವ್ಯವಧಾನವಿರಲಿಲ್ಲ. ಮೂರೂವರೆ ಲಕ್ಷ ಜನ ಆಗಲೇ ಆಕೆಯ ದೊಡ್ಡ ಮನಸ್ಸನ್ನು ಹೊಗಳಿಯಾಗಿತ್ತು.

ಫೋನಿನಿಂದ ಅವಳದೇ ಅಳು ಬಂತು. ಆ ದನಿ ನನ್ನದು. ಆ ನಗು ನನ್ನದು. ಕಂಠಮ್ಮ ಜೀವಮಾನದಲ್ಲಿ ಮೊದಲ ಸಲ ತನ್ನ ದನಿ ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡಳು.

"ಅದು ಅವರು ಕೊಟ್ಟ ಹಾಳೆ. ನಾನು ಓದಿದ್ದು," ಅಂದಳು.

"ಮೊನ್ನೆ ನಕ್ಕಿದ್ದು? ಅದೂ ಹಾಳೇಲಿತ್ತಾ?"

ಅದು ಇರಲಿಲ್ಲ. ಕಂಠಮ್ಮ ಸುತ್ತ ನೋಡಿದಳು. ಗುಂಪಿನ ಹಿಂದೆ, ಮಕ್ಕಳ ಅಂಗಿಗಳ ರಾಶಿಯ ಪಕ್ಕದಲ್ಲಿ ತಂಗಿ ಇದ್ದಳು. ಅಲ್ಲಿದ್ದವರಲ್ಲಿ ನಿಜ ಹೇಳಬಲ್ಲವಳು ಅವಳೊಬ್ಬಳೇ.

"ಹೇಳೇ," ಅಂದಳು ಕಂಠಮ್ಮ. "ನಿನಗೆ ಗೊತ್ತಲ್ಲ."

ಎಲ್ಲರೂ ತಂಗಿಯ ಕಡೆ ತಿರುಗಿದರು. ಆರೇಳು ಫೋನುಗಳೂ ತಿರುಗಿದವು.

"ಇವಳು ನಿನಗೆ ಏನಾಗಬೇಕು?" ಎಂದು ಪಟ್ಟಿ ಕಟ್ಟಿದವಳು ಕೇಳಿದಳು.

ತಂಗಿ ಕೈಯಲ್ಲಿದ್ದ ಅಂಗಿಯ ತೋಳುಗಳನ್ನು ಒಳಗೆ ಮಡಚಿದಳು, ಮತ್ತೆ ನಡುವೆ ಮಡಚಿದಳು, ರಾಶಿಯ ಮೇಲೆ ಇಟ್ಟಳು.

"ಏನೂ ಆಗಬೇಕಾಗಿಲ್ಲ. ಒಂದೇ ಮನೇಲಿ ಬಾಡಿಗೆಗಿದ್ದೀವಿ, ಅಷ್ಟೇ," ಅಂದಳು.

ಆಮೇಲೆ ಯಾರೂ ಕಂಠಮ್ಮನ ಮೇಲೆ ಕೈ ಮಾಡಲಿಲ್ಲ. ಹೊಡೆದಿದ್ದರೆ ಐದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಲಿಫ್ಟಿಗೂ ಮೆಟ್ಟಿಲಿಗೂ ಅಡ್ಡ ನಿಂತು, ನಡುವಿನ ಕಂಬದ ಪಕ್ಕಕ್ಕೆ ಅವಳನ್ನು ತಳ್ಳಿ, ನಿಂತ್ಕೋ ಅಂದರು. ಒರಗುವ ಹಾಗಿಲ್ಲ ಅಂದರು, ಅದು ಅಂಗಡಿಯ ನಿಯಮ. ಹೊಸ ಸ್ಟೂಲುಗಳು ಮೇಲೆ ಬಂದವು. ಹೆಂಗಸರು ಒಬ್ಬೊಬ್ಬರಾಗಿ ನಾಯಕಿಯ ಮುಖದ ಮೇಲೆ ಕೂತರು, ಹಾಯ್ ಅಂತ ಉಸಿರು ಬಿಟ್ಟು ಕಾಲು ಚಾಚಿದರು. ಗಿರಾಕಿಗಳು ಬಂದು ವಿಡಿಯೋ ತೆಗೆದುಕೊಂಡು ಹೋದರು. ಆರು ಗಂಟೆಗೆ ಕಂಠಮ್ಮನ ಮೀನಖಂಡ ಕಲ್ಲಾಗಿತ್ತು, ಏಳಕ್ಕೆ ಚಪ್ಪಲಿಯ ಪಟ್ಟಿ ಪಾದದೊಳಗೆ ಕೊರೆದಿತ್ತು.

ಲಿಫ್ಟಿನ ಹುಡುಗಿ ಎದುರು ಬಂದು ಫೋನ್ ಎತ್ತಿ ಹಿಡಿದಳು.

"ಆ ನಗು ಒಂದ್ಸಲ ನಗಮ್ಮ. ಇಲ್ಲಾಂದ್ರೆ ಬಿಡಲ್ಲ."

ಕಂಠಮ್ಮ ತುಟಿ ಒರೆಸಿಕೊಂಡಳು. ಹದಿನೆಂಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ಕೇಳಿತು:

"ಎಷ್ಟು ಸೆಕೆಂಡು?"

ಹಿಂದಿನ ಸಾಲಿನಲ್ಲಿ ಸ್ಟೂಲಿನ ಮೇಲೆ ಕೂತು ಅಂಗಿ ಮಡಚುತ್ತಿದ್ದ ತಂಗಿ, ತಲೆ ಎತ್ತದೆ ಹೇಳಿದಳು.

"ಅಂಗಡಿ ಮುಚ್ಚೋವರೆಗೂ."