ನೀರು ಮುಟ್ಟುತ್ತಿದ್ದ ಕಲ್ಲು

ಹವಾಮಾನ ಕೆಟ್ಟಿದೆ, ಅದಕ್ಕೆ ಜನ ಹೊಂದಿಕೊಳ್ಳಬೇಕು ಎಂದು ಸರ್ಕಾರ ಹೊಸ ಕಚೇರಿ ತೆರೆಯಿತು. ನಮ್ಮ ಕಡೆಯ ಶಾಖೆ ಕೆಂಗೇರಿ ಉಪನಗರದಲ್ಲಿ, ಟೈಲರ್ ಅಂಗಡಿಯ ಮಹಡಿಯಲ್ಲಿ. ಬೋರ್ಡಿನ ಬಣ್ಣ ಆರುವ ಮೊದಲೇ ಅಧಿಕಾರಿ ಶಿವರಂಜನಿ ನನ್ನನ್ನು ಹುಡುಕಿಕೊಂಡು ಬಂದರು. ನಮ್ಮ ಕೆರೆಗೆ ಕೊನೆಯ ನೀರುಗಂಟಿ ನಾನು. ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವನು. ಗದ್ದೆ ಹೋಗಿಯೇ ನಲವತ್ತು ವರ್ಷವಾಯಿತು.

ಹಿಂದೆ ನೀರು ಎಲ್ಲಿಯವರೆಗೆ ಏರುತ್ತಿತ್ತು ಎಂದು ಕೇಳಿದರು. ಕೆರೆಯ ಬದಿಯಲ್ಲಿ ನೆಟ್ಟಿದ್ದ ಕಲ್ಲು ತೋರಿಸಿದೆ. ಕೆರೆ ತುಂಬಿ ನೀರು ಅದನ್ನು ಮುಟ್ಟಿದ ದಿನ ಊರವರು ಅರಿಶಿನ ಹಚ್ಚಿ ಕಾಯಿ ಒಡೆಯುತ್ತಿದ್ದರು. ಕಲ್ಲಿನ ಕೆಳಗಿನವರಿಗೆ ಬೇರೆ ಮನೆ ಕೊಟ್ಟು ಎಬ್ಬಿಸುತ್ತೇವೆ, ಒಂದು ಸೈರನ್ ಹಾಕುತ್ತೇವೆ, ಮೇಲಿನವರಿಗೆ ಭಯವಿಲ್ಲ ಎಂದರು.

"ತಾತ, ಕಲ್ಲು ಮೊದಲಿಂದ್ಲೂ ಇಲ್ಲೇ ಇತ್ತಾ?"

ಇರಲಿಲ್ಲ. ಲೇಔಟ್ ಆಗುವಾಗ ಕಲ್ಲಿನ ಮೇಲಿನ ಜಾಗಕ್ಕೆ ಮಾತ್ರ ಮನೆ ಕಟ್ಟಲು ಪರವಾನಗಿ ಸಿಗುತ್ತಿತ್ತು. ನನ್ನ ತಮ್ಮ ಮುನಿರಾಮಯ್ಯನ ಜಾಗ ಕೆಳಗಿತ್ತು. ಒಂದು ಮಧ್ಯಾಹ್ನ ಇಬ್ಬರೂ ಹಾರೆ ಹಾಕಿ ಕಲ್ಲನ್ನು ನಲವತ್ತು ಹೆಜ್ಜೆ ಕೆರೆಯ ಕಡೆಗೆ ಸರಿಸಿ ನೆಟ್ಟೆವು. ಅರಿಶಿನ ನಾನೇ ಹಚ್ಚಿದೆ. ಪೂಜೆಯಾದ ಕಲ್ಲನ್ನು ಯಾರು ಅಳೆಯುತ್ತಾರೆ? ಆ ನಲವತ್ತು ಹೆಜ್ಜೆಯೊಳಗೆ ಹನ್ನೊಂದು ಮನೆ ಎದ್ದವು.

ತಮ್ಮ ತೀರಿಹೋದ. ಮನೆಯಲ್ಲಿ ಅವನ ಹೆಂಡತಿ ಅಂಜನಮ್ಮ, ಮಗಳು ಚೇತನಾ. ಅಂಜನಮ್ಮ ಸೊಂಟ ಮುರಿದುಕೊಂಡು ಮಂಚ ಹಿಡಿದು ಎರಡು ವರ್ಷ. ಅಧಿಕಾರಿ ಬರುತ್ತಾರೆಂದು ತಿಳಿದು ಹಿಂದಿನ ದಿನವೇ ಚೇತನಾ ಹೇಳಿದ್ದಳು: "ದೊಡ್ಡಪ್ಪ, ಅಮ್ಮ ಈ ಮನೇಲೇ ಸಾಯ್ತೀನಿ ಅಂತಾಳೆ. ನೀವು ಬಾಯಿ ಬಿಡ್ಬೇಡಿ." ಈಗ ಅಧಿಕಾರಿಗೆ ಕಾಫಿ ಕೊಟ್ಟು ಅಲ್ಲೇ ನಿಂತಿದ್ದಳು.

"ಇಲ್ಲೇ ಇತ್ತು ತಾಯಿ," ಎಂದೆ. ತೋರಿಸಿದ ಕಡೆ ಸಹಿ ಹಾಕಿದೆ.

ಸೆಪ್ಟೆಂಬರಿನಲ್ಲಿ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ದಿನ ಬೆಳಗ್ಗೆ ಹತ್ತಕ್ಕೆ, ಖಾಲಿ ಮಾಡಿಸಿದ ಮನೆಗಳ ನಡುವೆ ಸೈರನ್ ಕೂಗಿತು. ಅದು ಕಲ್ಲಿನ ಕೆಳಗಿನ ಜಾಗಕ್ಕೆ ಮಾತ್ರ ಎಂದುಕೊಂಡು ಹನ್ನೊಂದು ಮನೆಯವರೂ ಸುಮ್ಮನಿದ್ದರು. ಚೇತನಾ ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗಿದ್ದಳು. ಎದೆಮಟ್ಟದ ನೀರಿನಲ್ಲಿ ನಾನು ಹೋಗುವಷ್ಟರಲ್ಲಿ ಮಂಚ ತೇಲಿಬಂದು ಬಾಗಿಲಿಗೆ ಅಡ್ಡ ನಿಂತಿತ್ತು. ಅದರ ಮೇಲೆ ಅಂಜನಮ್ಮ ಇರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಶಿವರಂಜನಿ ಮತ್ತೆ ಬಂದರು. ನೀರು ಕಲ್ಲಿನ ಗೆರೆ ದಾಟಿದ್ದು ಹೇಗೆಂದು ಯಾರಿಗೂ ತಿಳಿಯುತ್ತಿಲ್ಲ, ಹಿಂದೆಂದೂ ಬಾರದ ಮಳೆ ಎಂದು ಬರೆಯುತ್ತೇವೆ ಎಂದರು.

ನಾನು ಕಲ್ಲಿಗೆ ಬೆನ್ನು ಕೊಟ್ಟು ಹೆಜ್ಜೆ ಎಣಿಸುತ್ತ ನಡೆದೆ. ತಮ್ಮನ ಮನೆ ದಾಟಿ ನಲವತ್ತಕ್ಕೆ ನಿಂತೆ.

"ಇಲ್ಲಿತ್ತು ತಾಯಿ. ನೀರು ಹಳೇ ಜಾಗಕ್ಕೇ ಬಂದಿದೆ. ನನ್ನ ಹೆಸರಲ್ಲೇ ಬರ್ಕೊಳ್ಳಿ."

ಚೇತನಾ ಬಾಗಿಲಲ್ಲಿದ್ದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪಾತ್ರೆಗಳನ್ನು ಮೂಟೆ ಕಟ್ಟುವ ಸದ್ದು ಕೇಳಿಸಿತು.